ಸಯಾಟಿಕಾ ಬ್ಯಾನಿಗೆ ಕಾಲಿಗೆ ಬರೆ ಹಾಕಿದರೆ ಕಡಿಮೆ ಆಗುತ್ತದೆಯೇ? ಬೆನ್ನುಹುರಿಯೊಳಗೆ ನಡೆಯುವುದೇನು?

"ನರ ಸುಟ್ಟರೆ ನಡಬ್ಯಾನಿ ಬಂದ್." ಹೀಗೆ ಶುರುವಾಗುವ ಒಂದು ಮೆಸೇಜು ಕಳೆದ ಕಬ್ಬಿನ ಹಂಗಾಮಿನಲ್ಲಿ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಬಂತು. ಜತೆಗೆ ಒಂದು ಚಿತ್ರ. ಸೊಂಟದಿಂದ ಹಿಮ್ಮಡಿಯವರೆಗೆ ಕೆಂಪು ಗೆರೆ, ಮೀನಖಂಡದ ಮೇಲೆ ಮೂರು ಚುಕ್ಕೆ. ಆ ಮೂರು ಜಾಗದಲ್ಲಿ ಕಾಯಿಸಿದ ಕಬ್ಬಿಣದಿಂದ ಬರೆ ಕೊಡಿಸಿದರೆ ಸಯಾಟಿಕಾ ಮೂರೇ ದಿನದಲ್ಲಿ ಗುಣವಾಗುತ್ತದೆ, ಆಪರೇಷನ್ ಬೇಕಿಲ್ಲ, ದುಡ್ಡೂ ಬೇಕಿಲ್ಲ, ಹತ್ತು ಮಂದಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.

ನಮ್ಮ ಗ್ರೂಪಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆಯ ಬೀಗರು ಇದ್ದಾರೆ. ಕಬ್ಬು ಕಡಿಯುವವರು, ಟ್ರ್ಯಾಕ್ಟರ್ ಹೊಡೆಯುವವರು, ಕೂತು ಬೀಡಿ ಸುತ್ತುವ ಹೆಣ್ಣುಮಕ್ಕಳು. ನಡ ಹಿಡಿಯದ ಮನೆ ಇಲ್ಲ. (ಬೇರೆ ಕಡೆಯ ಓದುಗರಿಗೆ: ನಮ್ಮಲ್ಲಿ ಸೊಂಟಕ್ಕೆ ನಡ ಅನ್ನುತ್ತೇವೆ, ನೋವಿಗೆ ಬ್ಯಾನಿ.) ಆ ಮೆಸೇಜನ್ನು ನಾನೂ ಓದಿದೆ. ಹಾಕಿದವರು ಹಿರಿಯರು, ಅವರಿಗೆ ಎಲ್ಲರೆದುರು ತಪ್ಪು ಅನ್ನುವುದು ಹೇಗೆ ಎಂದು ಸುಮ್ಮನಾದೆ. ಒಂದು ವಾರದೊಳಗೆ ಕಾಗವಾಡ ಕಡೆ ಇರುವ ನನ್ನ ಸೋದರಮಾವ ಮೀನಖಂಡಕ್ಕೆ ಮೂರು ಬರೆ ಕೊಡಿಸಿಕೊಂಡು ಬಂದಿದ್ದರು.

ಬರೆ ತಪ್ಪು, ಮೂಢನಂಬಿಕೆ ಎಂದು ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಫೋನಿನಲ್ಲಿ ಮಾಮಾ ಹೇಳಿದ ಒಂದು ಮಾತು ನನ್ನನ್ನು ಬಿಡಲಿಲ್ಲ. "ಏನರ ಅನ್ನವ್ವಾ, ಬರಿ ಕೊಟ್ಟ ಮ್ಯಾಲ ಮೂರ ದಿನಾ ಬ್ಯಾನಿ ಇರಲಿಲ್ಲ ನೋಡು." ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಹಾಗಾದರೆ ಬ್ಯಾನಿ ಎಲ್ಲಿಗೆ ಹೋಗಿತ್ತು? ಇದಕ್ಕೆ ಉತ್ತರ ಕಾಲಿನಲ್ಲಿಲ್ಲ, ಬೆನ್ನುಹುರಿಯಲ್ಲಿದೆ.

ಕೂಳೆ ಚುಚ್ಚಿದ ಕಾಲು

ಕಬ್ಬು ಕಡಿದ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಗೊತ್ತು. ಕೂಳೆಯ ಚೂಪು ತುದಿ ಅಂಗಾಲಿಗೆ ಚುಚ್ಚಿದರೆ ಮೊದಲು ಕಾಲು ತಾನಾಗಿ ಮೇಲೇಳುತ್ತದೆ. ಆಮೇಲೆ "ಹಾ" ಎನ್ನುವಂಥ ಚುರುಕು ನೋವು. ಅದಾಗಿ ಒಂದು ಕ್ಷಣ ಬಿಟ್ಟು, ಉರಿ ಬೆರೆತ ಮಂದ ನೋವು ಬಂದು ಕೂತುಕೊಳ್ಳುತ್ತದೆ, ಬೇಗ ಹೋಗುವುದಿಲ್ಲ. ಒಂದೇ ಚುಚ್ಚಿಗೆ ಎರಡು ನೋವು ಏಕೆ?

ಚರ್ಮದಿಂದ ಸುದ್ದಿ ಒಯ್ಯುವ ನರತಂತುಗಳು ಒಂದೇ ಥರ ಇರುವುದಿಲ್ಲ. ಮುಟ್ಟಿದ್ದು, ಒತ್ತಿದ್ದು, ಸವರಿದ್ದು ಇವನ್ನು ತಿಳಿಸುವ ದಪ್ಪ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 35ರಿಂದ 75 ಮೀಟರ್ ಓಡುತ್ತದೆ. ಚುರುಕು ನೋವಿನ ತೆಳು ತಂತುಗಳಲ್ಲಿ 5ರಿಂದ 30 ಮೀಟರ್. ಮಂದ ನೋವಿನ ತಂತುಗಳು ಇನ್ನೂ ತೆಳು, ಅವಕ್ಕೆ ಮೇಲ್ಹೊದಿಕೆಯೂ ಇಲ್ಲ. ಅವುಗಳಲ್ಲಿ ಸುದ್ದಿ ಸೆಕೆಂಡಿಗೆ ಅರ್ಧ ಮೀಟರಿನಿಂದ 2 ಮೀಟರ್ ಮಾತ್ರ ಸಾಗುತ್ತದೆ, ಹೆಚ್ಚುಕಡಿಮೆ ನಾವು ನಡೆಯುವ ವೇಗ. ಅಂಗಾಲಿನಿಂದ ಬೆನ್ನಿನವರೆಗೆ ಸುಮಾರು ಒಂದು ಮೀಟರ್ ದಾರಿ. ಮೊದಲನೆಯ ಸುದ್ದಿ ತಲುಪಿ ಒಂದು ಸೆಕೆಂಡಿನಷ್ಟು ಕಳೆದ ಮೇಲೆ ಎರಡನೆಯದು ಬರುತ್ತದೆ.

ಕಾಲು ಮೇಲೆದ್ದದ್ದು ಮಾತ್ರ ಮಿದುಳಿನ ಅಪ್ಪಣೆಯಿಂದಲ್ಲ. ಚುಚ್ಚಿದ ಸುದ್ದಿ ಬೆನ್ನುಹುರಿಗೆ ಬಂದ ಕೂಡಲೇ ಅಲ್ಲಿನ ನರಕೋಶಗಳೇ ತೊಡೆಯ ಸ್ನಾಯುಗಳಿಗೆ ಎತ್ತು ಎಂದು ಹೇಳಿಬಿಡುತ್ತವೆ. ಅಷ್ಟೇ ಅಲ್ಲ, ಅದೇ ಹೊತ್ತಿಗೆ ಇನ್ನೊಂದು ಕಾಲಿಗೆ ಬಿಗಿಯಾಗಿ ನಿಲ್ಲು ಎಂದೂ ಹೇಳುತ್ತವೆ, ಇಲ್ಲದಿದ್ದರೆ ತಲೆಯ ಮೇಲಿನ ಕಬ್ಬಿನ ಹೊರೆ ಸಮೇತ ನಾವು ಬೀಳುತ್ತಿದ್ದೆವು. ನೋವಾಯಿತು ಎಂದು ನಮಗೆ ತಿಳಿಯುವಷ್ಟರಲ್ಲಿ ಈ ಕೆಲಸ ಮುಗಿದಿರುತ್ತದೆ.

ಸುಟ್ಟಿದ್ದು ತಪ್ಪು ವಿಳಾಸ

ಕಾಲ್ಬೆರಳಿನಲ್ಲಿ ನೋವು ಗ್ರಹಿಸುವ ನರಕೋಶದ ಮೈ ಇರುವುದು ಬೆರಳಲ್ಲಲ್ಲ. ಅದು ಸೊಂಟದಲ್ಲಿ, ಬೆನ್ನುಮೂಳೆಯ ಪಕ್ಕದ ಒಂದು ಸಣ್ಣ ಗಂಟಿನಲ್ಲಿ ಕೂತಿರುತ್ತದೆ. ಅಲ್ಲಿಂದ ಒಂದು ಎಳೆ ಕೆಳಗೆ ಬೆರಳಿನವರೆಗೆ, ಇನ್ನೊಂದು ಎಳೆ ಒಳಗೆ ಬೆನ್ನುಹುರಿಗೆ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಒಂದೇ ಕೋಶ, ಉದ್ದ ಮಾತ್ರ ಒಂದು ಮೀಟರಿಗೂ ಹೆಚ್ಚು.

ಎರಡು ಬೆನ್ನೆಲುಬುಗಳ ನಡುವಿನ ಡಿಸ್ಕ್ ಉಬ್ಬಿ ಅಥವಾ ಹರಿದು ಈ ಎಳೆಗಳು ಹೊರಬೀಳುವ ಬೇರಿನ ಮೇಲೆ ಒತ್ತಿದಾಗ ಸುದ್ದಿ ಮಧ್ಯದಾರಿಯಲ್ಲೇ ಹುಟ್ಟುತ್ತದೆ. ಮಿದುಳಿಗೆ ಅದು ತಿಳಿಯುವುದಿಲ್ಲ. ನಿಮ್ಮ ತಮ್ಮನ ನಂಬರಿನಿಂದ ಫೋನ್ ಬಂದರೆ ತಮ್ಮನೇ ಮಾಡಿದ್ದಾನೆ ಎಂದುಕೊಳ್ಳುತ್ತೀರಲ್ಲ, ಹಾಗೆ. ಆ ಎಳೆಯಿಂದ ಬಂದಿದೆ ಎಂದರೆ ನೋವು ಮೀನಖಂಡದ್ದೇ, ಪಾದದ್ದೇ ಎಂದು ಮಿದುಳು ನಂಬುತ್ತದೆ. ಸಯಾಟಿಕಾ ಎಂದರೆ ಇದು. ಕೆಡುಕು ಸೊಂಟದಲ್ಲಿ, ಬ್ಯಾನಿ ಕಾಲಲ್ಲಿ.

ಹಾಗಾಗಿ ಮೀನಖಂಡದ ಚರ್ಮ ಸುಟ್ಟರೆ ಡಿಸ್ಕಿಗೆ ಏನೂ ಆಗುವುದಿಲ್ಲ. "ನರ ಸುಡುತ್ತೇವೆ" ಎನ್ನುವುದಂತೂ ಸುಳ್ಳು. ಸಯಾಟಿಕ್ ನರ ದೇಹದ ಅತಿ ದಪ್ಪ ನರ, ಸ್ನಾಯುಗಳ ಕೆಳಗೆ ಆಳದಲ್ಲಿ ಹಾದುಹೋಗುತ್ತದೆ. ಬರೆ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿದ್ದರೆ ಪಾದ ಎತ್ತಲು ಬರುತ್ತಿರಲಿಲ್ಲ.

ಇದೇ ವಿಳಾಸದ ಗೊಂದಲ ಹೃದಯಾಘಾತದಲ್ಲೂ ಆಗುತ್ತದೆ. ಹೃದಯದಿಂದ ಬರುವ ತಂತುಗಳೂ ಎಡತೋಳಿನಿಂದ ಬರುವ ತಂತುಗಳೂ ಬೆನ್ನುಹುರಿಯ ಅದೇ ನರಕೋಶಗಳ ಮೇಲೆ ಬಂದು ಕೂಡುತ್ತವೆ. ಅದಕ್ಕೇ ಎದೆಯೊಳಗಿನ ಕೆಡುಕು ತೋಳಿನ ನೋವಾಗಿ, ಕೆಲವರಿಗೆ ದವಡೆಯ ನೋವಾಗಿ ಕಾಣುತ್ತದೆ. ಬಾಮ್ ಹಚ್ಚಿ ಮಲಗಿಬಿಡುವವರು ಇದನ್ನು ನೆನಪಿಡಬೇಕು.

ಕಿರುಬೆರಳಿನಷ್ಟು ದಪ್ಪದ ಹುರಿಯಲ್ಲಿ ಇಷ್ಟೊಂದು ವ್ಯವಹಾರ

ಬೆನ್ನುಹುರಿ ಎಂದರೆ ಮಿದುಳಿಗೆ ಹೋಗುವ ವೈರುಗಳ ಕಟ್ಟು ಎಂದು ಶಾಲೆಯಲ್ಲಿ ಓದಿದ್ದೆ. ಅರ್ಧ ಸರಿ. ಅದು ದೊಡ್ಡವರಲ್ಲಿ ಸುಮಾರು 45 ಸೆಂ.ಮೀ. ಉದ್ದ, ಕಿರುಬೆರಳಿನಷ್ಟು ದಪ್ಪ. ಇಡೀ ಬೆನ್ನುಮೂಳೆಯ ಉದ್ದಕ್ಕೂ ಇರುವುದಿಲ್ಲ, ಸೊಂಟದ ಮೊದಲ ಅಥವಾ ಎರಡನೆಯ ಬೆನ್ನೆಲುಬಿನ ಮಟ್ಟಕ್ಕೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರದ ಬೇರುಗಳು ಕುದುರೆ ಬಾಲದ ಕೂದಲಿನಂತೆ ಇಳಿಬಿದ್ದಿರುತ್ತವೆ.

(ಇಲ್ಲೇ ಇನ್ನೊಂದು ಫಾರ್ವರ್ಡಿಗೂ ಉತ್ತರ ಕೊಟ್ಟುಬಿಡುತ್ತೇನೆ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಬೆನ್ನುಹುರಿಗೆ ಚುಚ್ಚಿ ಜೀವನಪೂರ್ತಿ ನಡಬ್ಯಾನಿ ತರುತ್ತದೆ ಎನ್ನುತ್ತಾರೆ. ಅದನ್ನು ಕೊಡುವುದು ಹುರಿ ಮುಗಿದ ಜಾಗಕ್ಕಿಂತ ಕೆಳಗೆ, ಬೇರುಗಳು ನೀರಿನಂಥ ದ್ರವದಲ್ಲಿ ತೇಲುವ ಜಾಗದಲ್ಲಿ. ಸೂಜಿ ಚುಚ್ಚಿದಲ್ಲಿ ಕೆಲದಿನ ನೋಯಬಹುದು. ವರ್ಷಗಟ್ಟಲೆಯ ಬೆನ್ನುನೋವಿಗೆ ಅದು ಕಾರಣ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬಸಿರು, ಬಾಣಂತನ, ಮಗು ಎತ್ತುವುದು, ಬಗ್ಗಿ ದುಡಿಯುವುದು ಇವುಗಳ ಪಾಲನ್ನು ಯಾರೂ ಲೆಕ್ಕ ಹಾಕುವುದಿಲ್ಲ.)

ಹುರಿಯನ್ನು ಅಡ್ಡ ಕೊಯ್ದು ನೋಡಿದರೆ ಒಳಗೆ ಚಿಟ್ಟೆಯ ಆಕಾರದ ಬೂದು ಭಾಗ ಕಾಣುತ್ತದೆ. ಚಿಟ್ಟೆಯ ಹಿಂದಿನ ಎರಡು ರೆಕ್ಕೆಗಳಿಗೆ ಹಿಂಬದಿಯ ಕೊಂಬು ಎನ್ನೋಣ. ಮೈಯಿಂದ ಬರುವ ಸುದ್ದಿ ಇಳಿಯುವುದು ಇಲ್ಲಿ. ಸ್ವೀಡನ್ನಿನ ಬ್ರೋರ್ ರೆಕ್ಸೆಡ್ 1952ರಲ್ಲಿ ಬೆಕ್ಕಿನ ಬೆನ್ನುಹುರಿ ನೋಡಿ, ಈ ಬೂದು ಭಾಗದಲ್ಲಿ ನರಕೋಶಗಳು ಪದರ ಪದರವಾಗಿ ಕೂತಿವೆ ಎಂದು ತೋರಿಸಿದರು. ನೋವಿನ ತೆಳು ತಂತುಗಳು ಹೆಚ್ಚಾಗಿ ಬಂದು ಮುಗಿಯುವುದು ಮೇಲಿನ ಎರಡು ಪದರಗಳಲ್ಲಿ.

ಅಲ್ಲಿರುವ ನರಕೋಶಗಳಲ್ಲಿ ಮಿದುಳಿಗೆ ನೇರವಾಗಿ ಸುದ್ದಿ ಕಳಿಸುವವು ಬಹಳ ಕಡಿಮೆ. ಉಳಿದ ಬಹುಪಾಲು ಅಲ್ಲಲ್ಲೇ ಒಂದಕ್ಕೊಂದು ಮಾತಾಡುವ ಮಧ್ಯವರ್ತಿ ಕೋಶಗಳು. ಕೆಲವು ಸುದ್ದಿಯನ್ನು ಜೋರು ಮಾಡುತ್ತವೆ, ಕೆಲವು ಅಡಗಿಸುತ್ತವೆ. ಜೋರು ಮಾಡುವವು ಗ್ಲುಟಮೇಟ್ ಎಂಬ ರಾಸಾಯನಿಕ ಬಳಸುತ್ತವೆ. ಅಡಗಿಸುವವು ಗಾಬಾ, ಗ್ಲೈಸಿನ್ ಬಳಸುತ್ತವೆ. ಒಂದು ಸುದ್ದಿ ಮೇಲೆ ಹೋಗಬೇಕೋ ಬೇಡವೋ, ಹೋದರೆ ಎಷ್ಟು ಜೋರಾಗಿ ಎಂಬುದು ಇವುಗಳ ಜಗ್ಗಾಟದಲ್ಲಿ ತೀರ್ಮಾನವಾಗುತ್ತದೆ. ಅದಾದ ಮೇಲೆ ಗೆದ್ದ ಸುದ್ದಿ ಹುರಿಯ ಆಚೆ ಬದಿಗೆ ದಾಟಿ ಮಿದುಳಿಗೆ ಏರುತ್ತದೆ. ಬಲಗಾಲಿನ ನೋವು ಹುರಿಯ ಎಡಬದಿಯಲ್ಲಿ ಮೇಲಕ್ಕೆ ಹೋಗುವುದು ಇದಕ್ಕೇ.

ಮೊಣಕಾಲು ಬಡಿದರೆ ಉಜ್ಜುವುದು ಯಾಕೆ

ಸಕ್ಕರೆ ಕಾರ್ಖಾನೆಯ ಗೇಟು ನೆನಪಿಸಿಕೊಳ್ಳಿ. ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು ಮೈಲುದ್ದ ನಿಂತಿರುತ್ತದೆ. ಹೊಲದಿಂದ ಎಷ್ಟು ಗಾಡಿ ಹೊರಟವು ಎಂಬುದಕ್ಕಿಂತ ಗೇಟಿನವನು ಎಷ್ಟು ಬಿಟ್ಟ ಎಂಬುದರ ಮೇಲೆ ಒಳಗಿನ ಲೆಕ್ಕ ನಿಂತಿದೆ.

1965ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಮತ್ತು ಬ್ರಿಟನ್ನಿನ ಪ್ಯಾಟ್ರಿಕ್ ವಾಲ್ 'ಸೈನ್ಸ್' ಪತ್ರಿಕೆಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಬೆನ್ನುಹುರಿಯಲ್ಲಿ ನೋವಿಗೆ ಒಂದು ಗೇಟಿದೆ. ಸ್ಪರ್ಶದ ದಪ್ಪ ತಂತುಗಳು ಚುರುಕಾದರೆ ಅಡಗಿಸುವ ಕೋಶಗಳು ಎಚ್ಚರಗೊಂಡು ಗೇಟು ಮುಚ್ಚುತ್ತದೆ. ತೆಳು ತಂತುಗಳ ಕೈ ಮೇಲಾದರೆ ತೆರೆಯುತ್ತದೆ. ಮಿದುಳಿಗೂ ಮೇಲಿನಿಂದ ಈ ಗೇಟನ್ನು ತಿರುಗಿಸುವ ಶಕ್ತಿಯಿದೆ. ಅವರು ಬರೆದ ಒಳವೈರಿಂಗಿನ ನಕ್ಷೆಯನ್ನು ಮುಂದಿನ ಸಂಶೋಧನೆಗಳು ಸಾಕಷ್ಟು ತಿದ್ದಿದವು. ಗೇಟು ಒಂದೇ ಅಲ್ಲ, ಎಷ್ಟೋ ಇವೆ. ಆದರೆ ಮೂಲ ಮಾತು ನಿಂತಿತು.

ಮೊಣಕಾಲು ಬಡಿದಾಗ ನಾವು ಉಜ್ಜಿಕೊಳ್ಳುವುದು, ಮಗು ಬಿದ್ದಾಗ ಅವ್ವ ಸವರಿ ಊದುವುದು, ಇವಕ್ಕೆಲ್ಲ ಅರ್ಥ ಸಿಕ್ಕಿದ್ದು ಹೀಗೆ. ಫಿಜಿಯೋಥೆರಪಿಯವರು ಪಟ್ಟಿ ಅಂಟಿಸಿ "ಕರೆಂಟು ಕೊಡುತ್ತಾರೆ" ಎನ್ನುತ್ತೇವಲ್ಲ, ಆ ಯಂತ್ರವೂ ಇದೇ ವಿಚಾರದಿಂದ ಹುಟ್ಟಿದ್ದು. ದಪ್ಪ ತಂತುಗಳನ್ನು ಜುಮುಜುಮು ಅನ್ನಿಸಿ ಗೇಟು ಮುಚ್ಚಿಸುವ ಪ್ರಯತ್ನ. ಎಲ್ಲರಿಗೂ ಒಂದೇ ಥರ ಫಲಿಸುವುದಿಲ್ಲ, ಡಿಸ್ಕನ್ನು ಅದು ಸರಿಪಡಿಸುವುದೂ ಇಲ್ಲ. ಆದರೆ ಯಾರನ್ನೂ ಸುಡುವುದಿಲ್ಲ.

ಮೇಲಿನಿಂದ ಬರುವ ಅಪ್ಪಣೆ ಎಷ್ಟು ಬಲವಾದದ್ದು ಎಂಬುದಕ್ಕೆ ಎತ್ತಿನ ಗಾಡಿ ಶರ್ಯತ್ತಿಗೆ ಹೋಗಿ ನೋಡಬೇಕು. ಗಾಡಿ ಹೊಡೆಯುವವನ ಮೊಣಕೈ ಕಿತ್ತು ರಕ್ತ ಸುರಿಯುತ್ತಿರುತ್ತದೆ, ಓಟ ಮುಗಿದು ಯಾರೋ ತೋರಿಸುವ ತನಕ ಅವನಿಗೆ ಗೊತ್ತೇ ಇರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಗಂಭೀರವಾಗಿ ಗಾಯಗೊಂಡ ಸೈನಿಕರನ್ನು ನೋವಿನ ಔಷಧಿ ಬೇಕೇ ಎಂದು ಕೇಳಿದಾಗ ಹೆಚ್ಚಿನವರು ಬೇಡ ಎಂದರು. ಇದನ್ನು ಅವರು 1946ರಲ್ಲಿ ಬರೆದರು. ಮಿದುಳಿನ ಬುಡದಿಂದ ಬೆನ್ನುಹುರಿಗೆ ಇಳಿಯುವ ನರದಾರಿಗಳು ನೋವಿನ ಕೊಂಬಿನಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಬಿಡುತ್ತವೆ. ಅಲ್ಲಿನ ಕೋಶಗಳು ದೇಹದ ಸ್ವಂತ ಅಫೀಮಿನಂಥ ಎನ್‌ಕೆಫಲಿನ್ ಬಿಡುತ್ತವೆ. ಎನ್‌ಕೆಫಲಿನ್ ಪತ್ತೆಯಾದದ್ದು 1975ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಇದೇ ದಾರಿಗಳು ಕೆಲವೊಮ್ಮೆ ಉಲ್ಟಾ ಕೆಲಸವನ್ನೂ ಮಾಡುತ್ತವೆ: ಹೆದರಿಕೆ, ನಿದ್ದೆಗೆಟ್ಟ ರಾತ್ರಿ, ಸಾಲದ ಚಿಂತೆ ಇದ್ದಾಗ ನೋವನ್ನು ಜೋರು ಮಾಡುತ್ತವೆ.

ಆ ಮೂರು ದಿನ

ಈಗ ಮಾಮಾನ ಮಾತಿಗೆ ಬರೋಣ.

1979ರಲ್ಲಿ ಪ್ಯಾರಿಸ್ಸಿನ ದಾನಿಯೆಲ್ ಲ ಬಾರ್ ಮತ್ತು ಅವರ ಸಂಗಡಿಗರು ಇಲಿಗಳ ಬೆನ್ನುಹುರಿಯಲ್ಲಿ ಒಂದು ವಿಚಿತ್ರ ಗಮನಿಸಿದರು. ಒಂದು ಕಾಲಿನ ನೋವಿಗೆ ಮಿಡಿಯುತ್ತಿದ್ದ ನರಕೋಶಗಳು, ಮೈಯ ಇನ್ನೊಂದು ಕಡೆ ನೋವು ಕೊಟ್ಟ ಕೂಡಲೇ ಸುಮ್ಮನಾದವು. ಹೊಸ ನೋವಿನ ಸುದ್ದಿ ಮಿದುಳಿನ ಬುಡಕ್ಕೆ ಹೋಗಿ, ಅಲ್ಲಿಂದ ಕೆಳಗೆ ಬಂದ ಅಪ್ಪಣೆ ಹಳೆಯ ನೋವಿನ ಬಾಯಿ ಮುಚ್ಚಿಸಿತ್ತು. ಮನುಷ್ಯರಲ್ಲೂ ಇದನ್ನು ಅಳೆದಿದ್ದಾರೆ. ಕೈಯನ್ನು ಕೊರೆಯುವ ತಣ್ಣೀರಿನಲ್ಲಿಟ್ಟರೆ ಕಾಲಿನ ನೋವು ತಾತ್ಕಾಲಿಕವಾಗಿ ಕಡಿಮೆ ಅನ್ನಿಸುತ್ತದೆ. ಹಲ್ಲುನೋವಿನವನು ಕೈ ಚಿವುಟಿಕೊಳ್ಳುವುದೂ ಇದೇ ಲೆಕ್ಕ. ಬರೆ ಬಿದ್ದ ಗಳಿಗೆಯಲ್ಲಿ ಸಯಾಟಿಕಾ ಮಾಯವಾದದ್ದು ನಿಜವೇ ಇರಬೇಕು. ಆದರೆ ಈ ಪರಿಣಾಮ ನಿಮಿಷಗಳ ಮಾತು, ದಿನಗಳದ್ದಲ್ಲ.

ಉಳಿದ ಹೊತ್ತಿಗೆ ನಂಬಿಕೆ ಇದೆ. ನಂಬಿಕೆ ಎಂದ ಕೂಡಲೇ "ಹಾಗಾದರೆ ನನ್ನ ಬ್ಯಾನಿ ಸುಳ್ಳೇನು?" ಎಂದು ಸಿಟ್ಟಾಗಬೇಡಿ. 2009ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಫಾಲ್ಕ್ ಐಪರ್ಟ್ ಮತ್ತು ಸಂಗಡಿಗರು ಆರೋಗ್ಯವಂತರ ಕೈಗೆ ಔಷಧವೇ ಇಲ್ಲದ ಕ್ರೀಮು ಹಚ್ಚಿ, ಇದು ನೋವು ತಡೆಯುತ್ತದೆ ಎಂದು ನಂಬಿಸಿ, ಬಿಸಿ ಮುಟ್ಟಿಸಿ, ಬೆನ್ನುಹುರಿಯನ್ನು ಸ್ಕ್ಯಾನ್ ಮಾಡಿದರು. ನೋವಿನ ಕೊಂಬಿನ ಚಟುವಟಿಕೆಯೇ ತಗ್ಗಿತ್ತು. ಅಂದರೆ ನಂಬಿಕೆ ತಲೆಯಲ್ಲೇ ಉಳಿಯದೆ ಬೆನ್ನುಹುರಿಯ ತನಕ ಇಳಿಯುತ್ತದೆ. ಹತ್ತೂರಿನ ಜನ ಸಾಲು ನಿಂತ ಜಾಗ, ಉಪವಾಸ, ಕಾದ ಕಬ್ಬಿಣ, ಮುಂದಿನ ಪಥ್ಯ, ಇಷ್ಟೆಲ್ಲ ಇದ್ದರೆ ನಂಬಿಕೆಗೆ ಬಲ ಜಾಸ್ತಿ. ಔಷಧವಿಲ್ಲದ ಕ್ರೀಮಿಗೇ ಹುರಿಯಲ್ಲಿ ಅಷ್ಟು ಕಂಡಿದೆ.

ಮೂರನೆಯದು ಕಾಲ. ಡಿಸ್ಕಿನಿಂದ ಬರುವ ಸಯಾಟಿಕಾ ಬಹುಪಾಲು ಜನರಲ್ಲಿ ಆಪರೇಷನ್ ಇಲ್ಲದೆಯೇ 6ರಿಂದ 12 ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಹೊರಬಂದ ಡಿಸ್ಕಿನ ತುಂಡನ್ನು ದೇಹವೇ ನಿಧಾನವಾಗಿ ಕರಗಿಸುತ್ತದೆ. ನೋವು ಅತಿ ಜಾಸ್ತಿಯಾದಾಗ ಜನ ಬರೆಗೆ ಹೋಗುತ್ತಾರೆ, ಜಾಸ್ತಿಯಾದದ್ದು ಆಮೇಲೆ ಹೇಗೂ ಇಳಿಯಬೇಕು. ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ಗುಣವಾದವನು ಊರೆಲ್ಲ ಹೇಳುತ್ತಾನೆ, ಆಗದವನು ಪಥ್ಯ ಕೆಟ್ಟಿತು ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ.

ನಾಲ್ಕನೆಯ ಕಾರಣ ನನಗೆ ಗೊತ್ತಿದ್ದರೆ ಅಂದೇ ಬಸ್ಸು ಹತ್ತುತ್ತಿದ್ದೆ. ನರದ ಬೇರಿನ ಮೇಲೆ ಒತ್ತಡ ಬಹಳ ಹೆಚ್ಚಾದರೆ ಅದು ಸುದ್ದಿ ಕಳಿಸುವುದನ್ನೇ ನಿಲ್ಲಿಸಬಹುದು. ಆಗ ಬ್ಯಾನಿ ಕಡಿಮೆಯಾಗುತ್ತದೆ, ಜತೆಗೆ ಜೋಮು ಹಿಡಿಯುತ್ತದೆ, ಪಾದ ಸೋಲುತ್ತದೆ. ಮಾಮಾ ಬ್ಯಾನಿ ಇಲ್ಲ ಎಂದು ಖುಷಿಯಾಗಿದ್ದ ಅದೇ ದಿನಗಳಲ್ಲಿ ಅತ್ತೆ ಒಂದು ಮಾತು ಹೇಳಿದ್ದರು, ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ: "ಚಪ್ಲಿ ಕಾಲಿಂದ ಕಳಚಿ ಬಿದ್ರೂ ಇವರಿಗೆ ಖೂನ ಆಗವಲ್ದು." ಅಥಣಿಯಲ್ಲಿ ಮಾಡಿಸಿದ ಗಟ್ಟಿ ತೊಗಲಿನ ಚಪ್ಪಲಿ ಅದು. ಕಾಲಿಂದ ಜಾರಿ ಹಿಂದೆ ಬಿದ್ದರೂ ಮಾಮಾ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಪಾದದ ಮುಂಭಾಗ ಎತ್ತುವ ಶಕ್ತಿ ಹೋಗುತ್ತಿತ್ತು, ಮುಟ್ಟಿದ್ದು ತಿಳಿಯುವುದೂ ಹೋಗುತ್ತಿತ್ತು.

ಅವರಿಗೆ ಹತ್ತು ವರ್ಷದಿಂದ ಶುಗರ್ ಬೇರೆ ಇದೆ. ಶುಗರ್ ಇದ್ದವರ ಪಾದದ ತೆಳು ನರತಂತುಗಳು ನಿಧಾನವಾಗಿ ಸಾಯುತ್ತವೆ, ಗಾಯ ಬೇಗ ಮಾಯುವುದಿಲ್ಲ. ಮೂರು ಬರೆಗಳಲ್ಲಿ ಒಂದು ಕೀವಾಯಿತು. ಕಾಗವಾಡದಿಂದ ಗಡಿ ದಾಟಿದರೆ ಮಿರಜ್, ನಮ್ಮ ಕಡೆಯ ಅರ್ಧ ಜನ ದವಾಖಾನೆಗೆ ಹೋಗುವುದು ಅಲ್ಲಿಗೇ. ಬರೆಯ ಗಾಯ ತೋರಿಸಲು ಹೋದವರಿಗೆ ಡಾಕ್ಟರು ಮೊದಲು ಹೇಳಿದ್ದು, "ಹಿಮ್ಮಡಿ ಮೇಲೆ ನಿಂತು ತೋರಿಸಿ." ಆಗಲಿಲ್ಲ.

ನೋವು ಹಳತಾದರೆ

ಇನ್ನೊಂದು ಬಗೆಯ ಜನರೂ ಇದ್ದಾರೆ. ಗಾಯ ಮಾದು, ಡಿಸ್ಕು ಕರಗಿ ವರ್ಷವಾದರೂ ನೋವು ಹೋಗದವರು. ಇವರಿಗೆ ಮನೆಯಲ್ಲೂ ದವಾಖಾನೆಯಲ್ಲೂ ಸಿಗುವ ಮಾತು "ನಾಟಕ" ಅಥವಾ "ಮನಸ್ಸಿನದು".

1983ರಲ್ಲಿ ಕ್ಲಿಫರ್ಡ್ ವುಲ್ಫ್ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದೇನೆಂದರೆ, ಗಾಯದಿಂದ ಸುದ್ದಿ ಜೋರಾಗಿ ಬರುತ್ತಲೇ ಇದ್ದರೆ ಬೆನ್ನುಹುರಿಯ ನರಕೋಶಗಳೇ ಬದಲಾಗುತ್ತವೆ. ಮೊದಲು ಜೋರು ಸುದ್ದಿಗೆ ಮಾತ್ರ ಎದ್ದೇಳುತ್ತಿದ್ದವು ಆಮೇಲೆ ಸಣ್ಣ ಸ್ಪರ್ಶಕ್ಕೂ ಕೂಗುತ್ತವೆ. ಧೋತರದ ಅಂಚು ತಾಕಿದರೂ ಉರಿಯುವುದು, ಗಾಯದ ಸುತ್ತ ಏನೂ ಆಗದ ಚರ್ಮವೂ ನೋಯುವುದು ಇದಕ್ಕೇ. ಅಡಗಿಸುವ ಕೋಶಗಳ ಬಲ ಕುಗ್ಗಿ ಗೇಟಿನ ತಿರುಗಣಿಯೇ ಸಡಿಲವಾದಂತೆ. ನೋವು ನಿಜ, ಆದರೆ ಅದು ಈಗ ಹೊಸ ಗಾಯದ ಸುದ್ದಿ ಅಲ್ಲ.

ಇಂಥವರಿಗೆ ಡಾಕ್ಟರು ಅಮಿಟ್ರಿಪ್ಟಿಲಿನ್ ಅಥವಾ ಡ್ಯುಲಾಕ್ಸೆಟಿನ್ ಬರೆದುಕೊಡುತ್ತಾರೆ. ಮಗ ಗುಳಿಗೆಯ ಹೆಸರು ಫೋನಿನಲ್ಲಿ ಹುಡುಕುತ್ತಾನೆ, "ಖಿನ್ನತೆಗೆ" ಎಂದು ಬರುತ್ತದೆ. "ನಡ ಬ್ಯಾನಿ ಅಂದ್ರ ತಲಿ ಕೆಟ್ಟವರ ಗುಳಿಗಿ ಕೊಟ್ಟಾರ" ಎಂದು ಗುಳಿಗೆ ಕಸದ ಬುಟ್ಟಿಗೆ ಹೋಗುತ್ತದೆ. ಈ ಗುಳಿಗೆಗಳು ಬೆನ್ನುಹುರಿಗೆ ಇಳಿಯುವ ಆ ತಡೆಯುವ ದಾರಿಗಳಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಕೊಟ್ಟದ್ದು ಅದಕ್ಕೆ. ಕೊಡುವಾಗ ಇದನ್ನು ಒಂದು ನಿಮಿಷ ಬಿಡಿಸಿ ಹೇಳಿದ್ದರೆ ಎಷ್ಟೋ ಗುಳಿಗೆ ಬುಟ್ಟಿಗೆ ಹೋಗುತ್ತಿರಲಿಲ್ಲ ಎಂಬುದು ನನ್ನ ದೂರು. ಪ್ರಿಗ್ಯಾಬಲಿನ್ ಎಂಬ ಇನ್ನೊಂದು ಗುಳಿಗೆ ನೋವಿನ ತಂತುಗಳ ತುದಿಯಲ್ಲಿ ಗ್ಲುಟಮೇಟ್ ಬಿಡುವುದನ್ನು ತಗ್ಗಿಸುತ್ತದೆ. ಶುಗರಿನಿಂದ ಬರುವ ನರದ ಉರಿಗೆ ಉಪಯೋಗವಿದೆ. ಆದರೆ 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳ ಮೇಲೆ ನೋಡಿದಾಗ ಖಾಲಿ ಗುಳಿಗೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಯಿತು. ಆದ್ದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ.

ಎಂಆರ್‌ಐ ಬಗ್ಗೆಯೂ ಒಂದು ಮಾತು. "ಡಿಸ್ಕ್ ಉಬ್ಬಿದೆ" ಎಂದು ಚೀಟಿಯಲ್ಲಿ ಕಂಡ ಕೂಡಲೇ ಜನ ಮಂಚ ಹಿಡಿಯುತ್ತಾರೆ. ಬೆನ್ನುನೋವೇ ಇಲ್ಲದ ಸಾವಿರಾರು ಜನರ ಸ್ಕ್ಯಾನುಗಳನ್ನು ಒಟ್ಟುಮಾಡಿದ 2015ರ ಒಂದು ವಿಶ್ಲೇಷಣೆಯಲ್ಲಿ, 20ರ ಹರೆಯದವರಲ್ಲೇ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು, 80 ವರ್ಷದವರಲ್ಲಿ ಶೇ. 84 ಮಂದಿಗೆ. ಚಿತ್ರದಲ್ಲಿ ಕಂಡದ್ದಕ್ಕೂ ನಿಮ್ಮ ನೋವಿಗೂ ಸಂಬಂಧ ಇದೆಯೇ ಎಂಬುದನ್ನು ಕಾಲಿನ ಶಕ್ತಿ, ಸ್ಪರ್ಶ, ಮಂಡಿಯ ಮಿಡಿತ ಪರೀಕ್ಷಿಸಿದ ಡಾಕ್ಟರು ಹೇಳಬೇಕು. ವಾರಗಟ್ಟಲೆ ಮಲಗುವುದರಿಂದ ಲಾಭವಿಲ್ಲ. ಆದಷ್ಟು ಓಡಾಡಿಕೊಂಡಿರುವುದು, ಭಾರ ಎತ್ತುವುದನ್ನು ಕೆಲಕಾಲ ಬಿಡುವುದು, ಶಾಖ ಬೇಕೆನಿಸಿದರೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಡುವುದು ಸಾಕು. ಶುಗರ್ ಇದ್ದು ಪಾದ ಜೋಮು ಹಿಡಿದವರು ಪಾದಕ್ಕೆ ಬಿಸಿನೀರಿನ ಚೀಲವನ್ನೂ ಇಡಬಾರದು, ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.

ಕಾಯಬಾರದ ಹೊತ್ತು

ಬೆನ್ನುನೋವಿನಲ್ಲಿ ಹೆಚ್ಚಿನದು ಕಾದು ನೋಡುವಂಥದ್ದು. ಆದರೆ ಬೆನ್ನು ಅಥವಾ ಕಾಲು ನೋವಿರುವವರಿಗೆ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಜೋಮು ಹಿಡಿದರೆ, ಎರಡೂ ಕಾಲು ಸೋತರೆ ಅದೇ ದಿನ, ಅದೇ ರಾತ್ರಿ ದೊಡ್ಡ ದವಾಖಾನೆಗೆ ಹೋಗಬೇಕು. ಕುದುರೆ ಬಾಲದಂಥ ಆ ಬೇರುಗಳು ಒಟ್ಟಿಗೆ ಒತ್ತಿಹೋಗಿರಬಹುದು, ಅಲ್ಲಿ ತಡವಾದಷ್ಟೂ ಮರಳಿ ಬರುವುದು ಕಷ್ಟ. ಪಾದ ಎತ್ತಲಾಗದಿದ್ದರೆ, ಚಪ್ಪಲಿ ಜಾರಿದ್ದು ತಿಳಿಯದಿದ್ದರೆ ಕೂಡ ತಡಮಾಡಬಾರದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆ ಇದೆಯೇ ಎಂದು ನೋಡಿಸಬೇಕು. ಮರದಿಂದ, ಟ್ರ್ಯಾಲಿಯಿಂದ ಬಿದ್ದ ಮೇಲಿನ ನೋವೂ ಅಷ್ಟೇ.

ಮಾಮಾನಿಗೆ ಆಪರೇಷನ್ ಆಯಿತು. ಬರೆಯ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಪಾದದ ಶಕ್ತಿ ಅರ್ಧಕ್ಕಿಂತ ಹೆಚ್ಚು ಮರಳಿದೆ, ಪೂರ್ತಿ ಅಲ್ಲ. ಈಗ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕುತ್ತಾರೆ.

ಇದನ್ನು ಬರೆಯಲೇ ಎಂದು ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರಿಯವ್ವಾ. ನನ್ನ ಹೆಸರ ಹಾಕಬ್ಯಾಡ, ಬೇಕಂದ್ರ ಕಾಲಿಂದ ಫೋಟೋ ಹಾಕು" ಎಂದರು. ಆಮೇಲೆ ಕೇಳಿದರು, "ಆ ಮೆಸೇಜ ಹಾಕಿದಾಂವಗ ಏನ ಅನ್ನಬ್ಯಾಡ. ಅವನ ನಡಾನೂ ಹಿಡದೈತಿ. ಇದನ್ನ ಅವಗ ಮೊದಲ ಕಳಸು."

ಕಳಿಸಿದ್ದೇನೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಇನ್ನೂ ಬಂದಿಲ್ಲ.